ಬೆಳಕಿನ ಅಳತೆಗೋಲು

ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ. ಊರಿನಿಂದ ಊರಿಗಿರುವ ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತೇವೆ. ಕೈಗೆ ಸಿಕ್ಕುವ ವಸ್ತುಗಳಿಗೂ ಕಾಲು ನಡೆಯಬಲ್ಲ ದಾರಿಗೂ ಈ ಅಳತೆಗಳು ಸಾಕು. ಆದರೆ ಪ್ರಕೃತಿಯು ಮನುಷ್ಯನ ಮೊಳಕ್ಕೂ ಹೆಜ್ಜೆಗೂ ಹೊಂದುವಂತೆ ರಚಿತವಾದುದಲ್ಲ. ಒಂದು ತುದಿಯಲ್ಲಿ ಬೆಳಕಿನ ಅಲೆಯಿದೆ. ಒಂದು ತಲೆಗೂದಲಿನ ದಪ್ಪದಲ್ಲಿ ಅಂತಹ ಸುಮಾರು ನೂರು ಅಲೆಗಳು ಅಡಗಬಲ್ಲವು. ಇನ್ನೊಂದು ತುದಿಯಲ್ಲಿ ನಕ್ಷತ್ರಗಳಿವೆ. ಅವುಗಳ ದೂರವನ್ನು ಕಿಲೋಮೀಟರಿನಲ್ಲಿ ಬರೆಯಹೊರಟರೆ ಸೊನ್ನೆಗಳ ಸಾಲು ಕಣ್ಣನ್ನು ದಣಿಸುತ್ತದೆ. ಒಂದು ಏಕಮಾನವನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ಕಾಗದದ ಮೇಲೆ ಸೊನ್ನೆಗಳನ್ನು ಸೇರಿಸುವುದು ಸುಲಭ. ಆ ಸೊನ್ನೆಗಳು ಸತ್ಯವೆಂದು ತೋರಿಸುವುದು ಕಷ್ಟ. ಈ ಕಷ್ಟದ ಕೆಲಸಕ್ಕೆ ತನ್ನ ಬಾಳನ್ನೇ ಮುಡಿಪಾಗಿಟ್ಟು, ಅತಿ ಕಿರಿದಾದ ಅಳತೆಯಿಂದ ಅತಿ ಹಿರಿದಾದುದನ್ನು ಅಳೆದು ತೋರಿಸಿದ ವಿಜ್ಞಾನಿ ಆಲ್ಬರ್ಟ್ ಏಬ್ರಹಾಂ ಮೈಕೆಲ್ಸನ್.

ಮೈಕೆಲ್ಸನ್ನನು 1852ನೆಯ ಇಸವಿ ಡಿಸೆಂಬರ್ 19ರಂದು ಸ್ಟ್ರೆಲ್ನೋ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ಅಂದು ಪ್ರಷ್ಯಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ತಂದೆ ಸ್ಯಾಮ್ಯುಯೆಲ್ ಯಹೂದ್ಯ ಮನೆತನದ ವ್ಯಾಪಾರಿ. ಮಗು ಇನ್ನೂ ತೊದಲು ನುಡಿಯುತ್ತಿದ್ದಾಗಲೇ ಕುಟುಂಬವು ಕಡಲು ದಾಟಿ ಅಮೆರಿಕವನ್ನು ಸೇರಿತು. ಆ ಕಾಲದಲ್ಲಿ ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ಚಿನ್ನ ಸಿಕ್ಕುವುದೆಂಬ ಸುದ್ದಿ ಎಲ್ಲೆಡೆಯಿಂದ ಜನರನ್ನು ಸೆಳೆಯುತ್ತಿತ್ತು. ಸ್ಯಾಮ್ಯುಯೆಲನು ಚಿನ್ನವನ್ನು ಅಗೆಯಲು ಹೋಗದೆ, ಅಗೆಯುವವರಿಗೆ ಬೇಕಾದ ಸಾಮಾನುಗಳನ್ನು ಮಾರುವ ಅಂಗಡಿಯನ್ನು ಇಟ್ಟನು. ಗಣಿ ಕೆಲಸಗಾರರ ಗದ್ದಲದ ಬೀಡುಗಳಲ್ಲಿ ಬಾಲಕ ಆಲ್ಬರ್ಟ್ ಬೆಳೆದನು.

ಮಗನ ಬುದ್ಧಿಯನ್ನು ಗುರುತಿಸಿದ ತಂದೆತಾಯಿಗಳು ಅವನನ್ನು ಓದಲು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಕಳುಹಿಸಿದರು. ಅಲ್ಲಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ ಥಿಯೋಡೋರ್ ಬ್ರಾಡ್ಲಿಯು ಹುಡುಗನ ಕೈಚಳಕವನ್ನು ಕಂಡು, ಶಾಲೆಯ ವಿಜ್ಞಾನದ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸವನ್ನು ವಹಿಸಿದನು. ಉಪಕರಣವನ್ನು ಒರೆಸಿ, ಬಿಚ್ಚಿ, ಮತ್ತೆ ಸರಿಯಾಗಿ ಜೋಡಿಸುವ ಆ ಕೆಲಸವೇ ಮುಂದೆ ಅವನ ಜೀವನದ ದಾರಿಯಾಯಿತು.

1869ರಲ್ಲಿ, ಹದಿನಾರು ವರ್ಷದ ಆಲ್ಬರ್ಟ್ ಅನ್ನಾಪೊಲಿಸ್ ಎಂಬಲ್ಲಿರುವ ಅಮೆರಿಕದ ನೌಕಾ ಅಕಾಡೆಮಿಗೆ ಸೇರಬಯಸಿ ಪರೀಕ್ಷೆಗೆ ಕುಳಿತನು. ಅವನು ಚೆನ್ನಾಗಿ ಉತ್ತರಿಸಿದ್ದರೂ ಸ್ಥಾನವು ಮತ್ತೊಬ್ಬನ ಪಾಲಾಯಿತು. ಹುಡುಗ ಧೈರ್ಯಗೆಡಲಿಲ್ಲ. ಅದೇ ವರ್ಷ ಪೂರ್ಣಗೊಂಡಿದ್ದ ರೈಲು ಮಾರ್ಗವನ್ನು ಹಿಡಿದು, ಇಡೀ ಅಮೆರಿಕವನ್ನು ದಾಟಿ, ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಗ್ರಾಂಟನನ್ನೇ ಕಂಡನು. ಅಧ್ಯಕ್ಷನ ಅಧಿಕಾರದಲ್ಲಿದ್ದ ಹತ್ತು ಸ್ಥಾನಗಳೂ ಆಗಲೇ ತುಂಬಿದ್ದವು. ಆದರೂ ಆ ಹುಡುಗನ ಛಲವು ವ್ಯರ್ಥವಾಗಲಿಲ್ಲ. ಅವನಿಗಾಗಿ ಹನ್ನೊಂದನೆಯ ಸ್ಥಾನವೊಂದು ದೊರೆಯಿತು.

1873ರಲ್ಲಿ ಅಕಾಡೆಮಿಯಿಂದ ಉತ್ತೀರ್ಣನಾದ ಮೈಕೆಲ್ಸನ್ನನು ಎರಡು ವರ್ಷ ಹಡಗುಗಳಲ್ಲಿ ಸೇವೆ ಸಲ್ಲಿಸಿ, 1875ರಲ್ಲಿ ಅದೇ ಅಕಾಡೆಮಿಗೆ ಭೌತ ಮತ್ತು ರಸಾಯನ ವಿಜ್ಞಾನಗಳ ಬೋಧಕನಾಗಿ ಹಿಂದಿರುಗಿದನು. ತರಗತಿಯಲ್ಲಿ ಬೆಳಕಿನ ವೇಗವನ್ನು ಅಳೆಯುವ ಪ್ರಯೋಗವನ್ನು ತೋರಿಸಬೇಕಾಗಿ ಬಂದಾಗ, ಆ ಪ್ರಯೋಗವನ್ನು ಇನ್ನೂ ಉತ್ತಮಗೊಳಿಸಬಹುದೆಂದು ಅವನಿಗೆ ತೋರಿತು. ಫ್ರಾನ್ಸಿನ ಫುಕೊ ಎಂಬ ವಿಜ್ಞಾನಿಯು ರಭಸದಿಂದ ತಿರುಗುವ ಕನ್ನಡಿಯ ಮೇಲೆ ಬೆಳಕನ್ನು ಬಿಟ್ಟು, ದೂರದ ಕನ್ನಡಿಗೆ ಹೋಗಿ ಬರುವಷ್ಟರಲ್ಲಿ ಆ ಬೆಳಕು ಎಷ್ಟು ಸರಿಯುವುದೆಂದು ಅಳೆದಿದ್ದನು. ಅವನು ಕಂಡ ಸರಿತವು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟು ಕಿರಿದಾದುದನ್ನು ಅಳೆಯುವಾಗ ನುಸುಳುವ ತಪ್ಪು, ಬೆಳಕಿನ ವೇಗದ ಲೆಕ್ಕದಲ್ಲಿ ಸಾವಿರಾರು ಕಿಲೋಮೀಟರಿನ ತಪ್ಪಾಗಿ ಬೆಳೆಯಬಲ್ಲುದು.

ಮೈಕೆಲ್ಸನ್ನನು ಅಕಾಡೆಮಿಯ ಕಡಲ ಗೋಡೆಯ ಬದಿಯಲ್ಲಿ ಎರಡು ಕನ್ನಡಿಗಳನ್ನು 600 ಮೀಟರಿಗಿಂತ ಹೆಚ್ಚು ದೂರದಲ್ಲಿ ನಿಲ್ಲಿಸಿದನು. ಬೆಳಕು ಆ ದೂರವನ್ನು ಹೋಗಿ ಬರಲು ತೆಗೆದುಕೊಳ್ಳುವ ಕಾಲ, ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಸುಮಾರು ನಾಲ್ಕು ಭಾಗ. ಸೆಕೆಂಡಿಗೆ ಸುಮಾರು 257 ಸುತ್ತು ತಿರುಗುತ್ತಿದ್ದ ಅವನ ಕನ್ನಡಿ ಅಷ್ಟರಲ್ಲಿ ಬೆಳಕಿನ ಗುರುತನ್ನು 133 ಮಿಲಿಮೀಟರಿನಷ್ಟು ಸರಿಸಿತು. ಫುಕೊವಿಗೆ ಕಣ್ಣು ಕಿರಿದಾಗಿಸಿ ನೋಡಬೇಕಾಗಿದ್ದುದು ಮೈಕೆಲ್ಸನ್ನನಿಗೆ ಅರ್ಧ ಗೇಣಿಗಿಂತಲೂ ಹೆಚ್ಚಾಗಿ ಬಂದು ನಿಂತಿತ್ತು. 1879ರ ಈ ಪ್ರಯೋಗದಿಂದ ಬೆಳಕಿನ ವೇಗ ಸೆಕೆಂಡಿಗೆ 2,99,910 ಕಿಲೋಮೀಟರು ಎಂದು ಅವನು ಗಣಿಸಿದನು. ಇಪ್ಪತ್ತಾರು ವರ್ಷದ ಬೋಧಕನೊಬ್ಬನ ಹೆಸರು ವಿಜ್ಞಾನ ಲೋಕದಲ್ಲಿ ಹರಡಿತು.

ಈ ಸಂಖ್ಯೆಗೆ ಏಕೆ ಇಷ್ಟು ಬೆಲೆ? ಆಕಾಶದ ದೂರಗಳನ್ನು ಜ್ಯೋತಿರ್ವರ್ಷಗಳಲ್ಲಿ ಹೇಳುವುದುಂಟು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ವರ್ಷಕ್ಕೆ ಸುಮಾರು 3 ಕೋಟಿ 15 ಲಕ್ಷ ಸೆಕೆಂಡುಗಳು. ಬೆಳಕಿನ ವೇಗದಿಂದ ಗುಣಿಸಿದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು. ವೇಗದಲ್ಲಿ ಒಂದೇ ಒಂದು ಕಿಲೋಮೀಟರು ತಪ್ಪಿದರೆ ಜ್ಯೋತಿರ್ವರ್ಷದ ಲೆಕ್ಕದಲ್ಲಿ ಮೂರು ಕೋಟಿ ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಕಿರಿದರಿಂದ ಹಿರಿದಕ್ಕೆ ಏರುವ ಏಣಿಯಲ್ಲಿ ಕೆಳಗಿನ ಮೆಟ್ಟಿಲು ಅಲುಗಿದರೆ ಮೇಲಿನದೆಲ್ಲವೂ ಓಲಾಡುತ್ತದೆ. ಈ ಮಾತು ಮೈಕೆಲ್ಸನ್ನನಿಗೆ ಮೊದಲಿನಿಂದಲೂ ಮನದಟ್ಟಾಗಿತ್ತು.

1880ರಲ್ಲಿ ಅವನು ಹೆಚ್ಚಿನ ವ್ಯಾಸಂಗಕ್ಕಾಗಿ ಯುರೋಪಿಗೆ ತೆರಳಿದನು. ಬರ್ಲಿನ್ನಿನಲ್ಲಿ ಹೆಲ್ಮ್‌ಹೋಲ್ಟ್ಸನ ಪ್ರಯೋಗಶಾಲೆಯಲ್ಲಿದ್ದಾಗ ಅವನಿಗೆ ಒಂದು ಹೊಸ ಉಪಕರಣದ ಕಲ್ಪನೆ ಮೂಡಿತು. ಒಂದು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಎರಡು ಬೇರೆ ದಿಕ್ಕುಗಳಿಗೆ ಕಳುಹಿಸಿ, ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸಬೇಕು. ಎರಡರ ಅಲೆಗಳು ಉಬ್ಬಿಗೆ ಉಬ್ಬು ಕೂಡಿದರೆ ಬೆಳಕು, ಉಬ್ಬಿಗೆ ತಗ್ಗು ಕೂಡಿದರೆ ಕತ್ತಲೆ. ಹೀಗೆ ಬೆಳಕು ಕತ್ತಲೆಗಳ ಪಟ್ಟೆಗಳು ಕಾಣಿಸುತ್ತವೆ. ಒಂದು ಕನ್ನಡಿಯು ಬೆಳಕಿನ ಅಲೆಯ ಅರ್ಧದಷ್ಟು ಸರಿದರೂ ಸಾಕು, ಪಟ್ಟೆಗಳು ಒಂದು ಸ್ಥಾನ ಮುಂದಕ್ಕೆ ಚಲಿಸುತ್ತವೆ. ಕಣ್ಣಿಗೆ ಕಾಣದ ಉದ್ದವನ್ನು ಕಣ್ಣಿಗೆ ಕಾಣುವ ಚಲನೆಯಾಗಿ ಮಾರ್ಪಡಿಸುವ ಈ ಯಂತ್ರವೇ ವ್ಯತಿಕರಣಮಾಪಕ.

ಆ ಕಾಲದ ವಿಜ್ಞಾನಿಗಳು ವಿಶ್ವವನ್ನೆಲ್ಲ ಈಥರ್ ಎಂಬ ಅಗೋಚರ ವಸ್ತು ತುಂಬಿದೆಯೆಂದೂ ಬೆಳಕು ಅದರಲ್ಲಿ ಅಲೆಯಾಗಿ ಸಾಗುವುದೆಂದೂ ನಂಬಿದ್ದರು. ಭೂಮಿಯು ಸೂರ್ಯನನ್ನು ಸೆಕೆಂಡಿಗೆ 30 ಕಿಲೋಮೀಟರು ವೇಗದಿಂದ ಸುತ್ತುತ್ತದೆ. ಹಾಗಾದರೆ ಓಡುವ ಗಾಡಿಯಲ್ಲಿ ಕುಳಿತವನ ಮುಖಕ್ಕೆ ಗಾಳಿ ಬಡಿಯುವಂತೆ, ಭೂಮಿಯ ಮೇಲೆ ಈಥರಿನ ಗಾಳಿ ಬೀಸಬೇಕು. ಅದರ ದಿಕ್ಕಿನಲ್ಲಿ ಸಾಗುವ ಬೆಳಕಿಗೂ ಅಡ್ಡಲಾಗಿ ಸಾಗುವ ಬೆಳಕಿಗೂ ಅಲ್ಪ ವ್ಯತ್ಯಾಸವಿರಬೇಕು. ಆ ವ್ಯತ್ಯಾಸ ಹತ್ತು ಕೋಟಿಯಲ್ಲಿ ಒಂದು ಭಾಗದಷ್ಟು ಕಿರಿದು. ಅದನ್ನು ಹಿಡಿಯಲೆಂದು ಮೈಕೆಲ್ಸನ್ನನು ತನ್ನ ಉಪಕರಣವನ್ನು ಬರ್ಲಿನ್ನಿನಲ್ಲಿ ಹೂಡಿದನು. ಬೀದಿಯ ಬಂಡಿಗಳ ಸದ್ದಿಗೇ ಪಟ್ಟೆಗಳು ನಡುಗಿದವು. ಪಾಟ್ಸ್‌ಡಾಮಿನ ಶಾಂತ ಸ್ಥಳಕ್ಕೆ ಸಾಗಿಸಿ 1881ರಲ್ಲಿ ಪ್ರಯೋಗವನ್ನು ನಡೆಸಿದನು. ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ಅವನ ಗಣಿತದಲ್ಲಿಯೇ ಒಂದು ತಪ್ಪಿರುವುದನ್ನು ಇತರ ವಿಜ್ಞಾನಿಗಳು ತೋರಿಸಿಕೊಟ್ಟರು. ಮೈಕೆಲ್ಸನ್ನನು ತಪ್ಪನ್ನು ಒಪ್ಪಿಕೊಂಡನು. ಪ್ರಯೋಗವನ್ನು ಇನ್ನೂ ಸೂಕ್ಷ್ಮವಾಗಿ ಮತ್ತೆ ಮಾಡಲು ನಿರ್ಧರಿಸಿದನು.

ನೌಕಾಸೇವೆಯನ್ನು ಬಿಟ್ಟು ಅವನು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಕೇಸ್ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ನೆರೆಯ ಕಾಲೇಜಿನ ರಸಾಯನ ವಿಜ್ಞಾನಿ ಎಡ್ವರ್ಡ್ ಮಾರ್ಲಿ ಅವನ ಜೊತೆಗಾರನಾದನು. ಈ ದಿನಗಳು ಸುಖದವಾಗಿರಲಿಲ್ಲ. 1885ರಲ್ಲಿ ಅತಿ ದುಡಿಮೆಯಿಂದ ಮೈಕೆಲ್ಸನ್ನನ ಮನಸ್ಸಿನ ಆರೋಗ್ಯ ಕುಸಿದು ಅವನು ಕೆಲಸದಿಂದ ದೂರವಿರಬೇಕಾಯಿತು. ಚೇತರಿಸಿಕೊಂಡು ಮರಳಿದ ಮೇಲೆ, 1886ರಲ್ಲಿ ವಿದ್ಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಮಾರ್ಲಿಯ ಕಾಲೇಜಿನ ನೆಲಮಾಳಿಗೆಯಲ್ಲಿ ಇಬ್ಬರೂ ಹೊಸದಾಗಿ ಕೆಲಸ ಹೂಡಿದರು. ಸುಮಾರು ಒಂದೂವರೆ ಮೀಟರು ಚೌಕದ ದಪ್ಪ ಕಲ್ಲುಚಪ್ಪಡಿಯೊಂದನ್ನು ಪಾದರಸದ ಮೇಲೆ ತೇಲಿಬಿಟ್ಟು, ಅದರ ಮೇಲೆ ಕನ್ನಡಿಗಳನ್ನು ಜೋಡಿಸಿದರು. ಬೆಳಕು ಮತ್ತೆ ಮತ್ತೆ ಪ್ರತಿಫಲಿಸಿ 11 ಮೀಟರು ದಾರಿಯನ್ನು ಹೋಗಿ ಬರುವಂತೆ ಮಾಡಿದರು. ಬೆರಳಿನಿಂದ ನೂಕಿದರೂ ಚಪ್ಪಡಿಯು ಮೆಲ್ಲಗೆ, ಅಲುಗಾಟವಿಲ್ಲದೆ ತಿರುಗುತ್ತಿತ್ತು.

1887ರ ಜುಲೈ ತಿಂಗಳಿನಲ್ಲಿ ಅಳತೆ ನಡೆಯಿತು. ಈಥರಿನ ಗಾಳಿಯಿದ್ದರೆ ಪಟ್ಟೆಯು ತನ್ನ ಅಗಲದ ಹತ್ತರಲ್ಲಿ ನಾಲ್ಕು ಭಾಗದಷ್ಟು ಸರಿಯಬೇಕಾಗಿತ್ತು. ಚಪ್ಪಡಿಯನ್ನು ಸುತ್ತಿಸುತ್ತಾ ಸುತ್ತಿಸುತ್ತಾ ಇಬ್ಬರೂ ನೋಡಿದರು. ನಿರೀಕ್ಷಿಸಿದ ಚಲನೆ ಕಾಣಲಿಲ್ಲ. ಕಂಡ ಅಲ್ಪ ಅಲುಗಾಟವು ನಿರೀಕ್ಷೆಯ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು. ಮೈಕೆಲ್ಸನ್ನನ ಮನಸ್ಸಿಗೆ ಇದು ದೊಡ್ಡ ಪೆಟ್ಟು. ಅವನು ಈಥರನ್ನು ನಂಬಿದವನು. ಅದನ್ನು ತೋರಿಸಲೆಂದೇ ಆರೋಗ್ಯವನ್ನೂ ವರ್ಷಗಳನ್ನೂ ವೆಚ್ಚಮಾಡಿದವನು. ಸಂಖ್ಯೆಗಳನ್ನು ಸ್ವಲ್ಪ ಅತ್ತಿತ್ತ ಎಳೆದು ತನ್ನ ನಂಬಿಕೆಗೆ ಹೊಂದಿಸಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟಬಹುದಾದ ಗಳಿಗೆ ಅದು. ಅವನು ಹಾಗೆ ಮಾಡಲಿಲ್ಲ. ಕಂಡುದನ್ನು ಕಂಡಂತೆಯೇ ಪ್ರಕಟಿಸಿದನು. ಅವನು ಸೋಲೆಂದು ಭಾವಿಸಿದ ಆ ಫಲಿತಾಂಶವೇ ಮುಂದೆ ವಿಜ್ಞಾನದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾಯಿತು. 1905ರಲ್ಲಿ ಐನ್‌ಸ್ಟೀನನು ಈಥರಿನ ಅಗತ್ಯವಿಲ್ಲದ ಸಾಪೇಕ್ಷ ಸಿದ್ಧಾಂತವನ್ನು ಮಂಡಿಸಿದಾಗ, ಈ ಪ್ರಯೋಗವು ಅದಕ್ಕೆ ಬಲವಾದ ಆಧಾರವಾಗಿ ನಿಂತಿತು.

ಈಥರನ್ನು ಹುಡುಕಲು ಕಟ್ಟಿದ ಉಪಕರಣಕ್ಕೆ ಮೈಕೆಲ್ಸನ್ನನು ಇನ್ನೊಂದು ಕೆಲಸವನ್ನು ಕಂಡುಕೊಂಡನು. ಆಗ ಜಗತ್ತಿನ ಉದ್ದಗಳಿಗೆಲ್ಲ ಆಧಾರವಾಗಿದ್ದುದು ಪ್ಯಾರಿಸ್ಸಿನ ಬಳಿಯ ಸೆವ್ರ್ ಎಂಬಲ್ಲಿ, ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿ ಕಾಪಾಡಿದ್ದ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಒಂದು ಸಲಾಕೆ. ಅದರ ಮೇಲಿನ ಎರಡು ಗೆರೆಗಳ ನಡುವಿನ ಅಂತರವೇ ಮೀಟರು. ಆದರೆ ಲೋಹ ಎಷ್ಟೇ ಶ್ರೇಷ್ಠವಾಗಿದ್ದರೂ ಅದು ಕಾಲಕ್ರಮದಲ್ಲಿ ಬದಲಾಗಬಹುದು, ಬೆಂಕಿಗೆ ಸಿಕ್ಕಬಹುದು. 1834ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನ ಬೆಂಕಿಗೆ ಆಹುತಿಯಾದಾಗ ಇಂಗ್ಲೆಂಡಿನ ಮೂಲ ಗಜದ ಕೋಲು ಕೆಟ್ಟುಹೋಗಿತ್ತು. ಬೆಳಕಿನ ಅಲೆಗಾದರೋ ತುಕ್ಕಿಲ್ಲ, ಸವೆತವಿಲ್ಲ; ಒಂದು ಧಾತುವಿನ ಶುದ್ಧ ಬಣ್ಣದ ಅಲೆ ಯಾವ ದೇಶದಲ್ಲಿಯೂ ಯಾವ ಕಾಲದಲ್ಲಿಯೂ ಒಂದೇ. ಒಂದು ಮೀಟರಿನಲ್ಲಿ ಅಂತಹ ಅಲೆಗಳು ಎಷ್ಟಿವೆಯೆಂದು ಎಣಿಸಿಬಿಟ್ಟರೆ, ಸಲಾಕೆ ನಾಶವಾದರೂ ಮೀಟರು ಉಳಿಯುತ್ತದೆ.

ಈ ಕಾರ್ಯಕ್ಕಾಗಿ ಅವನನ್ನು ಸೆವ್ರ್‌ಗೆ ಆಹ್ವಾನಿಸಿದರು. 1892ರಿಂದ 1893ರವರೆಗೆ ಅಲ್ಲಿ ಕೆಲಸ ನಡೆಯಿತು. ಹಲವು ಧಾತುಗಳ ಬೆಳಕನ್ನು ಪರೀಕ್ಷಿಸಿ ಅವನು ಕ್ಯಾಡ್ಮಿಯಂ ಧಾತುವಿನ ಕೆಂಪು ಬೆಳಕನ್ನು ಆರಿಸಿಕೊಂಡನು. ಅದರ ಒಂದು ಮಿಲಿಮೀಟರಿನಲ್ಲಿ 1,553 ಅಲೆಗಳಿಗೂ ಹೆಚ್ಚು. ಸೆಕೆಂಡಿಗೊಂದರಂತೆ ಹಗಲೂ ರಾತ್ರಿಯೂ ಎಣಿಸಿದರೂ ಒಂದು ಮೀಟರನ್ನು ಮುಗಿಸಲು ಹದಿನೆಂಟು ದಿನ ಬೇಕು; ನಡುವೆ ಒಮ್ಮೆ ಎಣಿಕೆ ತಪ್ಪಿದರೆ ಎಲ್ಲವೂ ನಿಷ್ಫಲ. ಆದುದರಿಂದ ಅವನು ಏಣಿಯ ಉಪಾಯವನ್ನು ಹೂಡಿದನು. ಒಂಬತ್ತು ಅಳತೆಗೋಲುಗಳನ್ನು ಮಾಡಿಸಿದನು. ಮೊದಲನೆಯದರ ಉದ್ದ ಸುಮಾರು 0.39 ಮಿಲಿಮೀಟರು. ಎರಡನೆಯದು ಅದರ ಎರಡರಷ್ಟು. ಮೂರನೆಯದು ಎರಡನೆಯದರ ಎರಡರಷ್ಟು. ಹೀಗೆ ಎಂಟು ಬಾರಿ ಇಮ್ಮಡಿಸಿದಾಗ ಒಂಬತ್ತನೆಯದು 10 ಸೆಂಟಿಮೀಟರು. ಅದರ ಹತ್ತರಷ್ಟು ಒಂದು ಮೀಟರು.

ಅತ್ಯಂತ ಚಿಕ್ಕ ಕೋಲಿನಲ್ಲಿ ಮಾತ್ರ ಪಟ್ಟೆಗಳನ್ನು ಒಂದೊಂದಾಗಿ ಎಣಿಸಬೇಕಾಗಿತ್ತು. ಪಟ್ಟೆಗೆ ಅರ್ಧ ಅಲೆಯಂತೆ ಅಲ್ಲಿ 1,212 ಪಟ್ಟೆಗಳು ದೊರೆತವು. ಮುಂದಿನ ಕೋಲಿನಲ್ಲಿ ಅದರ ಎರಡರಷ್ಟಿರಬೇಕೆಂದು ತಿಳಿದಿರುವುದರಿಂದ ಪೂರ್ಣಸಂಖ್ಯೆ ನಿಶ್ಚಿತವಾಗುತ್ತದೆ. ಉಳಿದ ಭಿನ್ನಾಂಶವನ್ನು ಮಾತ್ರ ಹೊಸದಾಗಿ ಅಳೆದರೆ ಸಾಕು. ಈ ಹೊಸದಾಗಿ ಅಳೆಯುವ ಕ್ರಮವೇ ಉಪಾಯದ ಜೀವಾಳ. ಬರಿಯ ಗುಣಾಕಾರವನ್ನು ನಂಬಿದ್ದರೆ ಮೊದಲ ಕೋಲಿನ ತಪ್ಪು ಮೀಟರಿನಲ್ಲಿ ಎರಡೂವರೆ ಸಾವಿರ ಪಟ್ಟಿಗೂ ಮಿಕ್ಕಿ ಬೆಳೆಯುತ್ತಿತ್ತು. ಮೈಕೆಲ್ಸನ್ನನು ಪ್ರತಿ ಮೆಟ್ಟಿಲಿನಲ್ಲಿಯೂ ನಿಂತು, ಅಲ್ಲಿನ ತಪ್ಪನ್ನು ಅಲ್ಲಿಯೇ ತಿದ್ದಿ, ಆಮೇಲೆ ಮುಂದಕ್ಕೆ ಹೆಜ್ಜೆಯಿಟ್ಟನು. ಕೊನೆಗೆ ಒಂದು ಮೀಟರಿನಲ್ಲಿ ಕ್ಯಾಡ್ಮಿಯಂ ಕೆಂಪು ಬೆಳಕಿನ 15,53,163.5 ಅಲೆಗಳಿವೆಯೆಂದು ತೀರ್ಮಾನಿಸಿದನು. ಹಲವು ವರ್ಷಗಳ ಅನಂತರ ಬೆನ್ವಾ, ಫಾಬ್ರಿ ಮತ್ತು ಪೆರೊ ಎಂಬ ವಿಜ್ಞಾನಿಗಳು ಬೇರೊಂದು ವಿಧಾನದಿಂದ ಇದನ್ನು ಪರೀಕ್ಷಿಸಿದರು. ಹದಿನೈದು ಲಕ್ಷಕ್ಕೂ ಮಿಕ್ಕ ಅಲೆಗಳಲ್ಲಿ ಇಬ್ಬರ ಲೆಕ್ಕಕ್ಕೂ ಒಂದು ಅಲೆಯಷ್ಟು ವ್ಯತ್ಯಾಸವೂ ಬರಲಿಲ್ಲ.

1892ರಿಂದ ಮೈಕೆಲ್ಸನ್ನನು ಷಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥನಾಗಿದ್ದನು. 1907ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ವಿಜ್ಞಾನದಲ್ಲಿ ಈ ಗೌರವವನ್ನು ಪಡೆದ ಮೊದಲ ಅಮೆರಿಕನ್ ಅವನೇ. ಕೆಲಸದಲ್ಲಿ ಅವನು ಕಟ್ಟುನಿಟ್ಟಿನವನು. ಬಿಡುವಿನಲ್ಲಿ ಪಿಟೀಲು ನುಡಿಸುತ್ತಿದ್ದನು, ಟೆನ್ನಿಸ್ ಆಡುತ್ತಿದ್ದನು, ಜಲವರ್ಣದ ಚಿತ್ರಗಳನ್ನು ಬರೆಯುತ್ತಿದ್ದನು. ಬೆಳಕಿನ ಬಣ್ಣಗಳು ಅವನಿಗೆ ಲೆಕ್ಕದ ಸಾಮಗ್ರಿಯಾಗಿದ್ದಂತೆಯೇ ಆನಂದದ ಮೂಲವೂ ಆಗಿದ್ದವು.

ಅರುವತ್ತೆಂಟರ ಹೊಸ್ತಿಲಿನಲ್ಲಿದ್ದಾಗ ಮೈಕೆಲ್ಸನ್ನನ ಅಲೆಗೋಲು ನಕ್ಷತ್ರವನ್ನು ಮುಟ್ಟಿತು. ಅಲ್ಲಿಯವರೆಗೆ ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ನಕ್ಷತ್ರವು ಬರಿಯ ಬಿಂದು; ಸೂರ್ಯನೊಬ್ಬನನ್ನುಳಿದು ಯಾವ ನಕ್ಷತ್ರದ ಅಗಲವನ್ನೂ ಯಾರೂ ಅಳೆದಿರಲಿಲ್ಲ. ಅವನ ಯೋಜನೆಯಂತೆ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಅಂಗುಲದ ದೂರದರ್ಶಕದ ಮೇಲೆ ಇಪ್ಪತ್ತು ಅಡಿ ಉದ್ದದ ತೊಲೆಯನ್ನು ಬಿಗಿದು, ಅದರ ಮೇಲೆ ಸರಿಯಬಲ್ಲ ಎರಡು ಕನ್ನಡಿಗಳನ್ನು ಇಟ್ಟರು. ನೋಡಲು ಆರಿಸಿದ್ದು ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಕೆಂಪಾಗಿ ಹೊಳೆಯುವ ಆರ್ದ್ರಾ ನಕ್ಷತ್ರವನ್ನು. ನಮ್ಮ ರೈತರ ಆರಿದ್ರಾ ಮಳೆಗೆ ಹೆಸರನ್ನಿತ್ತ ನಕ್ಷತ್ರವೇ ಇದು. ಎರಡು ಕನ್ನಡಿಗಳಿಂದ ಬಂದ ಬೆಳಕು ಕೂಡಿ ಪಟ್ಟೆಗಳು ಮೂಡುತ್ತಿದ್ದವು. ಕನ್ನಡಿಗಳನ್ನು ದೂರ ಸರಿಸಿದಂತೆ ಪಟ್ಟೆಗಳು ಮಸುಕಾಗುತ್ತಿದ್ದವು. 1920ರ ಡಿಸೆಂಬರ್ 13ರ ರಾತ್ರಿ, ಕನ್ನಡಿಗಳ ಅಂತರ ಸುಮಾರು ಮೂರು ಮೀಟರಾದಾಗ ಪಟ್ಟೆಗಳು ಮಾಯವಾದುದನ್ನು ಸಹೋದ್ಯೋಗಿ ಫ್ರಾನ್ಸಿಸ್ ಪೀಸ್ ಕಂಡನು.

ಲೆಕ್ಕಕ್ಕೆ ಬೇಕಾದುದೆಲ್ಲ ಅಷ್ಟರಲ್ಲಿಯೇ ಇತ್ತು. ಬೆಳಕಿನ ಅಲೆಯ ಉದ್ದಕ್ಕೂ ಆ ಮೂರು ಮೀಟರಿಗೂ ಇರುವ ಅನುಪಾತವು, ದುಂಡಾದ ಬಿಂಬಕ್ಕಾಗಿ ಮಾಡಬೇಕಾದ ಸಣ್ಣ ತಿದ್ದುಪಡಿಯೊಡನೆ, ನಕ್ಷತ್ರದ ವ್ಯಾಸಕ್ಕೂ ಅದರ ದೂರಕ್ಕೂ ಇರುವ ಅನುಪಾತವೇ ಆಗಿರುತ್ತದೆ. ಆರ್ದ್ರಾ ನಕ್ಷತ್ರದ ದೂರವು ಅದರ ವ್ಯಾಸದ ಸುಮಾರು 44 ಲಕ್ಷ ಪಟ್ಟು ಎಂದು ತಿಳಿಯಿತು. ಎರಡು ಸೆಂಟಿಮೀಟರಿಗಿಂತ ತುಸು ಅಗಲವಾದ ನಾಣ್ಯವೊಂದು ನೂರು ಕಿಲೋಮೀಟರು ಆಚೆಯಿಂದ ಕಾಣುವಷ್ಟು ಕಿರಿದಾದ ಬಿಂಬ ಅದು. ಅಂದು ತಿಳಿದಿದ್ದ ದೂರವನ್ನು ಹಿಡಿದು ಗಣಿಸಿದಾಗ ನಕ್ಷತ್ರದ ವ್ಯಾಸ ಸುಮಾರು 38 ಕೋಟಿ ಕಿಲೋಮೀಟರು. ಅದನ್ನು ಸೂರ್ಯನ ಸ್ಥಾನದಲ್ಲಿಟ್ಟರೆ ಭೂಮಿಯ ಕಕ್ಷೆಯೇ ಅದರೊಳಗೆ ಮುಳುಗಿಹೋಗುತ್ತದೆ. ನಕ್ಷತ್ರವು ಅಂದು ಎಣಿಸಿದುದಕ್ಕಿಂತಲೂ ಬಹಳ ದೂರದಲ್ಲಿದೆಯೆಂದು ಅನಂತರ ತಿಳಿದುಬಂದುದರಿಂದ ಕಿಲೋಮೀಟರಿನ ಸಂಖ್ಯೆ ಇನ್ನೂ ದೊಡ್ಡದಾಯಿತು. ಆದರೆ ಅಲೆಯ ಕೋಲಿನಿಂದ ಅಳೆದ ಬಿಂಬದ ಅಗಲ ಬಹುಮಟ್ಟಿಗೆ ಹಾಗೆಯೇ ನಿಂತಿತು.

ಇಷ್ಟೆಲ್ಲ ಸಾಧಿಸಿದ ಮೇಲೂ ಮೈಕೆಲ್ಸನ್ನನ ಮನಸ್ಸು ತನ್ನ ಮೊದಲ ಪ್ರಯೋಗವನ್ನು ಮರೆತಿರಲಿಲ್ಲ. ಮುಪ್ಪಿನಲ್ಲಿ ಅವನು ಬೆಳಕಿನ ವೇಗವನ್ನು ಮತ್ತೆ ಅಳೆಯಲು ತೊಡಗಿದನು. ಮೌಂಟ್ ವಿಲ್ಸನ್ನಿನಿಂದ 35 ಕಿಲೋಮೀಟರು ದೂರದ ಇನ್ನೊಂದು ಪರ್ವತಕ್ಕೆ ಬೆಳಕನ್ನು ಕಳುಹಿಸಿ, ಎಂಟು ಮುಖಗಳ ತಿರುಗುವ ಕನ್ನಡಿಯಲ್ಲಿ ಅದನ್ನು ಹಿಡಿದನು. 1926ರಲ್ಲಿ ದೊರೆತ ಉತ್ತರ ಸೆಕೆಂಡಿಗೆ 2,99,796 ಕಿಲೋಮೀಟರು. ಹೆಚ್ಚೆಂದರೆ ನಾಲ್ಕು ಕಿಲೋಮೀಟರು ಆಚೀಚೆಯಾಗಬಹುದೆಂದು ಅವನು ಹೇಳಿದ್ದನು. ಇಂದು ಅಂಗೀಕೃತವಾದ ವೇಗ 2,99,792.458 ಕಿಲೋಮೀಟರು; ಅದು ಅವನು ಹೇಳಿದ ಎಲ್ಲೆಯೊಳಗೇ ಇದೆ. ತನ್ನ ಯೌವನದ ಸಂಖ್ಯೆಯಲ್ಲಿದ್ದ ನೂರಕ್ಕೂ ಹೆಚ್ಚು ಕಿಲೋಮೀಟರಿನ ತಪ್ಪನ್ನು ಅವನೇ ತಿದ್ದಿದಂತಾಯಿತು. ಅಷ್ಟಕ್ಕೂ ತೃಪ್ತನಾಗದೆ, ಗಾಳಿಯನ್ನು ಹೊರತೆಗೆದ ಒಂದು ಮೈಲಿ ಉದ್ದದ ಕೊಳವೆಯಲ್ಲಿ ಪ್ರಯೋಗವನ್ನು ಹೂಡಿದನು. ಕಾಯಿಲೆ ಅವನನ್ನು ಹಾಸಿಗೆಗೆ ಕೆಡವಿತು. ಮಲಗಿದಲ್ಲಿಂದಲೇ ವರದಿಯ ಆರಂಭವನ್ನು ಹೇಳಿ ಬರೆಸಿ, 1931ರ ಮೇ 9ರಂದು ಅವನು ಕಣ್ಮುಚ್ಚಿದನು. ಉಳಿದ ಕೆಲಸವನ್ನು ಸಹೋದ್ಯೋಗಿಗಳು ಪೂರ್ಣಗೊಳಿಸಿದರು.

ಅವನ ಕನಸು ಅವನ ಕಾಲಾನಂತರ ಕೈಗೂಡಿತು. 1960ರಲ್ಲಿ ಲೋಹದ ಸಲಾಕೆಯನ್ನು ಬಿಟ್ಟು, ಕ್ರಿಪ್ಟಾನ್ ಎಂಬ ಅನಿಲದ ಬೆಳಕಿನ ಅಲೆಗಳಿಂದ ಮೀಟರನ್ನು ನಿರೂಪಿಸಲಾಯಿತು. 1983ರಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು ಎಂದು ನಿಗದಿಯಾಯಿತು. 2015ರ ಸೆಪ್ಟೆಂಬರ್ 14ರಂದು, ಅವನ ಮಾದರಿಯಲ್ಲಿಯೇ ನಾಲ್ಕು ಕಿಲೋಮೀಟರು ಉದ್ದದ ಬಾಹುಗಳೊಡನೆ ಅಮೆರಿಕದಲ್ಲಿ ಕಟ್ಟಿದ ವ್ಯತಿಕರಣಮಾಪಕಗಳು ಗುರುತ್ವದ ಅಲೆಯನ್ನು ಮೊದಲ ಬಾರಿಗೆ ಗುರುತಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಿಂದ ಬಂದ ಆ ಅಲೆ, ಬಾಹುಗಳ ಉದ್ದವನ್ನು ಬದಲಿಸಿದ್ದು ಒಂದು ಪ್ರೋಟಾನಿನ ವ್ಯಾಸದ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಗಣಿಯ ಬೀಡಿನಲ್ಲಿ ಬೆಳೆದ ಮೈಕೆಲ್ಸನ್ನನು ಚಿನ್ನವನ್ನು ತೂಗಲಿಲ್ಲ, ಬೆಳಕನ್ನು ಅಳೆದನು. ಬಯಸಿದ ಉತ್ತರ ಬಾರದಿದ್ದಾಗ ಬಂದ ಉತ್ತರವನ್ನೇ ಬರೆದಿಟ್ಟನು; ಒಮ್ಮೆ ಅಳೆದುದನ್ನು ಐವತ್ತು ವರ್ಷಗಳ ಬಳಿಕವೂ ಮತ್ತೊಮ್ಮೆ ಅಳೆದನು. ಕೂದಲೆಳೆಗಿಂತ ನೂರು ಪಟ್ಟು ಕಿರಿದಾದ ಅಲೆಯು ನಕ್ಷತ್ರವನ್ನು ಅಳೆಯುವ ಕೋಲಾದುದು ಆ ಪ್ರಾಮಾಣಿಕತೆಯ ಬಲದಿಂದ.